ಸಾರಜನಕ ಹಿಡಿಯುವ ಪಾಚಿ, ಅಣಬೆ ಹೊತ್ತ ಕಪ್ಪೆ: ಈಚಿನ ಯಾವ ಸಂಶೋಧನೆ ನಿಮ್ಮ ಮನಸ್ಸಿನಲ್ಲಿ ಉಳಿದಿದೆ?

ಕಡಲಮಿಂಚು

ಈಚಿನ ಎರಡು ಮೂರು ವರ್ಷಗಳ ವಿಜ್ಞಾನದ ಸುದ್ದಿಗಳಲ್ಲಿ ನಿಮಗೆ ಮರೆಯಲಾಗದ್ದು ಯಾವುದು? ಜಾಸ್ತಿ ಜನ ಚಂದ್ರಯಾನ ಅಂತ ಹೇಳುತ್ತೀರಿ ಅಂತ ಗೊತ್ತು, ಅದೂ ಬರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸಮುದ್ರದ ಒಂದು ಪಾಚಿ. ಒಂದೇ ಜೀವಕೋಶದ್ದು, ಬರಿಗಣ್ಣಿಗೆ ಕಾಣುವುದಿಲ್ಲ. ಹೆಸರು ಬ್ರಾರುಡೋಸ್ಫೇರಾ ಬಿಗೆಲೋವಿ. ಸುಣ್ಣದ ಐದು ಮೂಲೆಯ ಬಿಲ್ಲೆಗಳನ್ನು ಜೋಡಿಸಿ ಕಟ್ಟಿದ ಕವಚ ಅದಕ್ಕೆ. ಚಿತ್ರ ಹುಡುಕಿ ನೋಡಿ, ಬಲು ಚೆಂದ.

ಗಾಳಿಯಲ್ಲಿರುವ ಸಾರಜನಕವನ್ನು ನೇರವಾಗಿ ಹಿಡಿದು ಬಳಸುವ ವಿದ್ಯೆ ಬ್ಯಾಕ್ಟೀರಿಯಾಗಳಿಗೂ ಅವುಗಳಂಥ ಸರಳ ಜೀವಿಗಳಿಗೂ ಮಾತ್ರ ಗೊತ್ತು ಅಂತ ಶಾಲೆಯಲ್ಲಿ ಓದಿದ್ದೆವು. ಗಿಡ, ಪ್ರಾಣಿ, ಅಣಬೆ ಯಾವುದಕ್ಕೂ ಅದು ಬರುವುದಿಲ್ಲ. ಈ ಪಾಚಿಗೆ ಬರುತ್ತದೆ! ಅದರ ಜೀವಕೋಶದ ಒಳಗೆ ಅದಕ್ಕೆಂದೇ ಒಂದು ಅಂಗ ಇದೆ. 2024ರ ಏಪ್ರಿಲ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪ್ರಬಂಧ ಅದಕ್ಕೆ ನೈಟ್ರೋಪ್ಲಾಸ್ಟ್ ಅಂತ ಹೆಸರಿಟ್ಟಿತು.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಇದು ಸಿಕ್ಕ ಬಗೆ. 1998ರಲ್ಲಿ ಅಮೆರಿಕದ ಸಾಗರ ವಿಜ್ಞಾನಿ ಜೊನಾಥನ್ ಜೆಹರ್ ಮತ್ತು ಅವರ ಜೊತೆಗಾರರಿಗೆ ಪೆಸಿಫಿಕ್ ಸಾಗರದ ನೀರಿನಲ್ಲಿ ಡಿಎನ್‌ಎಯ ಒಂದು ಸಣ್ಣ ತುಣುಕು ಸಿಕ್ಕಿತು. ಸಾರಜನಕ ಹಿಡಿಯುವ ಯಾವುದೋ ಬ್ಯಾಕ್ಟೀರಿಯಾದ್ದು ಅನ್ನುವುದಷ್ಟೇ ತಿಳಿಯಿತು. ಆ ಜೀವಿಯನ್ನು ಯಾರೂ ಕಂಡಿರಲಿಲ್ಲ. ಯುಸಿವೈಎನ್-ಎ ಅಂತ ಒಂದು ಗುರುತಿನ ಹೆಸರು ಕೊಟ್ಟು ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು.

ಇತ್ತ ಜಪಾನಿನ ಕೋಚಿ ವಿಶ್ವವಿದ್ಯಾಲಯದಲ್ಲಿ ಕ್ಯೋಕೊ ಹಗಿನೊ ಅನ್ನುವವರು ಇದ್ದರು. ಅವರು ಪಳೆಯುಳಿಕೆಗಳ ತಜ್ಞೆ. ಈ ಪಾಚಿಯನ್ನು ಲ್ಯಾಬಿನಲ್ಲಿ ಬೆಳೆಸಬೇಕು ಅಂತ ಹಟ ಹಿಡಿದು ಹತ್ತು ವರ್ಷಕ್ಕೂ ಮೇಲೆ ದುಡಿದರು. ಸಮುದ್ರದ ನೀರು ತರಲು 300ಕ್ಕೂ ಹೆಚ್ಚು ಸಲ ಹೋಗಿಬಂದರು. 300 ಸಲ! ಕೊನೆಗೆ ಪಾಚಿ ಅವರ ಬಾಟಲಿಯಲ್ಲಿ ಬೆಳೆಯಿತು. ಆ ಡಿಎನ್‌ಎ ತುಣುಕಿನ ಒಡೆಯ ಈ ಪಾಚಿಯ ಹೊಟ್ಟೆಯಲ್ಲೇ ಇದ್ದ. ಪಾಚಿ ಬೆಳೆಯದೆ ಹೋಗಿದ್ದರೆ 2024ರ ಪ್ರಬಂಧದ ಪ್ರಯೋಗಗಳನ್ನು ಮಾಡಲು ಆಗುತ್ತಲೇ ಇರಲಿಲ್ಲ.

ಅಕ್ಕಡಿಸಾಲು

ತುಂಬ ಚೆನ್ನಾಗಿ ಬರೆದಿದ್ದೀರಿ. ನಾನು ರಾಗಿ ಬೆಳೆಯುವವನು, ಮಧ್ಯೆ ಅವರೆ, ತೊಗರಿ, ಅಲಸಂದೆ ಅಕ್ಕಡಿ ಹಾಕುತ್ತೇನೆ. ನಮ್ಮಪ್ಪ ಹೇಳುತ್ತಿದ್ದರು, ಕಾಳು ಬೆಳೆದ ಜಾಗದಲ್ಲಿ ಮುಂದಿನ ವರ್ಷ ರಾಗಿ ಎದ್ದು ನಿಲ್ಲುತ್ತದೆ ಅಂತ. ಬೇರಿನ ಗಂಟುಗಳಲ್ಲಿ ಸಾರಜನಕ ಸೇರುತ್ತದೆ ಅಂತ ನನಗೂ ಗೊತ್ತು. ಹಾಗಾದರೆ ಈ ಪಾಚಿಯಲ್ಲಿ ಹೊಸದೇನು? ಅಲಸಂದೆ ಗಿಡವೂ ಅದೇ ಕೆಲಸ ಮಾಡುತ್ತದೆ ಅಲ್ವಾ?

ಇನ್ನೊಂದು ಪ್ರಶ್ನೆ, ನೇರವಾಗಿಯೇ ಕೇಳುತ್ತೇನೆ. ಇದರಿಂದ ಮುಂದೆ ರಾಗಿಗೆ ಯೂರಿಯಾ ಹಾಕುವುದು ತಪ್ಪುತ್ತದಾ?

ರಸಾಯನ ಮೇಷ್ಟ್ರು

ಅಕ್ಕಡಿಸಾಲು ಅವರೇ, ನಿಮ್ಮ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಎರಡನೆಯದನ್ನು ಕಡಲಮಿಂಚು ಅವರು ನೋಡಿಕೊಳ್ಳಲಿ.

ಅಲಸಂದೆ ತಾನೇ ಆ ಕೆಲಸ ಮಾಡುವುದಿಲ್ಲ, ಕೂಲಿಗೆ ಆಳು ಇಟ್ಟುಕೊಂಡಿದೆ. ಮಣ್ಣಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಬೇರಿಗೆ ಬಂದು ಸೇರುತ್ತದೆ, ಗಿಡ ಗಂಟು ಕಟ್ಟಿ ಮನೆ ಕೊಡುತ್ತದೆ, ಸಕ್ಕರೆ ಕೊಡುತ್ತದೆ, ಬದಲಿಗೆ ಸಾರಜನಕ ಪಡೆಯುತ್ತದೆ. ಗಿಡ ಸತ್ತ ಮೇಲೆ ಒಂದಷ್ಟು ಬ್ಯಾಕ್ಟೀರಿಯಾ ಮತ್ತೆ ಮಣ್ಣಿಗೆ ಹೋಗಿ ಸ್ವತಂತ್ರವಾಗಿ ಬದುಕುತ್ತವೆ. ಬೀಜದ ಜೊತೆ ಅವು ಬರುವುದಿಲ್ಲ. ಪ್ರತಿ ಗಿಡವೂ ಹೊಸದಾಗಿ ಮಣ್ಣಿನಿಂದ ಆಳು ಹುಡುಕಬೇಕು. ಅದಕ್ಕೇ ಬಿತ್ತುವ ಮುಂಚೆ ಬೀಜಕ್ಕೆ ರೈಜೋಬಿಯಂ ಪುಡಿ ಲೇಪಿಸುವುದು. ಪಾಚಿಯಲ್ಲಿ ಆಳು ಮನೆಮಗನೇ ಆಗಿಬಿಟ್ಟಿದ್ದಾನೆ. ತಾಯಿ ಕೋಶದಿಂದ ಮಗಳ ಕೋಶಕ್ಕೆ ಆಸ್ತಿಯಂತೆ ಬರುತ್ತಾನೆ.

ಈ ಕೆಲಸ ಯಾಕೆ ಇಷ್ಟು ಅಪರೂಪ ಅಂತಲೂ ಹೇಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧ ಹಾಕಿಕೊಂಡು ಒಂದನ್ನೊಂದು ತಬ್ಬಿ ಕೂತಿವೆ. ಅವನ್ನು ಬಿಡಿಸುವುದು ಮಹಾ ಕಷ್ಟ. ಕಾರ್ಖಾನೆಯಲ್ಲಿ ಬಿಡಿಸಬೇಕಾದರೆ 400 ಡಿಗ್ರಿಗೂ ಮೇಲೆ ಬಿಸಿ ಮಾಡಿ, ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಒತ್ತಡ ಹಾಕಬೇಕು. ಫ್ರಿಟ್ಸ್ ಹೇಬರ್ 1909ರಲ್ಲಿ ಲ್ಯಾಬಿನಲ್ಲಿ ಇದನ್ನು ತೋರಿಸಿದರು. ಕಾರ್ಲ್ ಬಾಶ್ ಅದನ್ನು ದೊಡ್ಡದಾಗಿ ಬೆಳೆಸಿ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತು ಜಗತ್ತಿನ ಸುಮಾರು ಅರ್ಧ ಜನರ ಊಟ ಆ ದಾರಿಯಿಂದ ಬಂದ ಗೊಬ್ಬರದ ಮೇಲೆ ನಿಂತಿದೆ ಅನ್ನುವುದು ತಜ್ಞರ ಅಂದಾಜು. ಜಗತ್ತು ಬಳಸುವ ಶಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲು ಇದಕ್ಕೇ ಖರ್ಚಾಗುತ್ತದೆ.

ಬ್ಯಾಕ್ಟೀರಿಯಾ ಅದೇ ಕೆಲಸವನ್ನು ನಮ್ಮ ಹೊಲದ ಮಣ್ಣಿನ ತಂಪಿನಲ್ಲಿ ಮಾಡಿ ಮುಗಿಸುತ್ತದೆ. ನೈಟ್ರೋಜಿನೇಸ್ ಅನ್ನುವ ಕಿಣ್ವ ಅದರ ಸಾಧನ. ಕಬ್ಬಿಣ, ಮಾಲಿಬ್ಡಿನಂ ಸೇರಿದ ಕಿಣ್ವ. ಒಂದೇ ತೊಂದರೆ, ಆಮ್ಲಜನಕ ತಗುಲಿದರೆ ಅದು ಕೆಟ್ಟುಹೋಗುತ್ತದೆ. ಅದಕ್ಕೆ ಗಿಡ ಏನು ಮಾಡುತ್ತದೆ ಗೊತ್ತಾ? ಗಂಟಿನ ಒಳಗೆ ನಮ್ಮ ರಕ್ತದ ಹಿಮೊಗ್ಲೋಬಿನ್‌ನ ದಾಯಾದಿ ಒಂದನ್ನು ತುಂಬಿಸುತ್ತದೆ. ಲೆಗ್‌ಹಿಮೊಗ್ಲೋಬಿನ್ ಅಂತ ಅದರ ಹೆಸರು. ಆಮ್ಲಜನಕವನ್ನು ಅದು ಹಿಡಿದಿಟ್ಟುಕೊಂಡು ಬೇಕಾದಷ್ಟೇ ಬಿಡುತ್ತದೆ. ಅದಕ್ಕೇ ಕೆಲಸ ಮಾಡುವ ಗಂಟನ್ನು ಕುಯ್ದರೆ ಒಳಗೆ ಗುಲಾಬಿ ಬಣ್ಣ ಇರುತ್ತದೆ. ಹೂ ಬಿಡುವ ಹೊತ್ತಿನ ಒಂದು ಅಲಸಂದೆ ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಅಗೆದು, ಬೇರು ತೊಳೆದು, ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ. ನಾನು ಪ್ರತಿ ವರ್ಷ ಮಕ್ಕಳಿಗೆ ಮಾಡಿಸುತ್ತೇನೆ. ಆ ಬಣ್ಣ ಕಂಡಾಗ ಅವರ ಮುಖ ನೋಡಬೇಕು!

ಪುರಾವೆ ಬೇಕು

ಚರ್ಚೆ ಚೆನ್ನಾಗಿದೆ. ಆದರೆ ಒಂದು ಕೇಳಬೇಕು. ಪಾಚಿಯ ಒಳಗೆ ಬ್ಯಾಕ್ಟೀರಿಯಾ ಬದುಕುತ್ತಿದೆ ಅನ್ನುವುದು ಒಂದು ಮಾತು. ಅದು ಬ್ಯಾಕ್ಟೀರಿಯಾ ಆಗಿ ಉಳಿದಿಲ್ಲ, ಪಾಚಿಯ ಅಂಗವೇ ಆಗಿದೆ ಅನ್ನುವುದು ಬಹಳ ದೊಡ್ಡ ಮಾತು. ಅಷ್ಟು ದೊಡ್ಡ ಮಾತಿಗೆ ಯಾವ ಆಧಾರ ಕೊಟ್ಟಿದ್ದಾರೆ?

ಕಡಲಮಿಂಚು

ಸರಿಯಾದ ಪ್ರಶ್ನೆ. ಆ ಪ್ರಬಂಧದ ಜೀವವೇ ಅಲ್ಲಿದೆ.

ಮೊದಲನೆಯದು, ಕೋಶ ಒಡೆಯುವ ಕ್ರಮ. ಎಕ್ಸ್-ರೇ ಬಳಸಿ ಜೀವಕೋಶದ ಒಳಗಿನ ಮೂರು ಆಯಾಮದ ಚಿತ್ರ ತೆಗೆದರು. ಪಾಚಿ ಎರಡಾಗುವಾಗ ಈ ಯುಸಿವೈಎನ್-ಎ ಕೂಡ ಗೊತ್ತಾದ ಹಂತದಲ್ಲಿ ಎರಡಾಗಿ ಮಗಳ ಕೋಶಗಳಿಗೆ ಒಂದೊಂದು ಪಾಲು ಹೋಗುತ್ತದೆ. ಮನಸ್ಸಿಗೆ ಬಂದಾಗ ಒಡೆಯುವ ಬಿಡುಬೀಸು ಬ್ಯಾಕ್ಟೀರಿಯಾದ ನಡತೆ ಅದಲ್ಲ.

ಎರಡನೆಯದು ನನಗೆ ಇನ್ನೂ ಗಟ್ಟಿ ಅನಿಸಿತು. ಒಳಗಿರುವುದರ ಪ್ರೋಟೀನ್‌ಗಳನ್ನೆಲ್ಲ ಎಣಿಸಿದರು. ಅದರ ಸ್ವಂತ ಡಿಎನ್‌ಎಯಲ್ಲಿ ಇಲ್ಲದ ಎಷ್ಟೋ ಪ್ರೋಟೀನ್‌ಗಳು ಅಲ್ಲಿ ಸಿಕ್ಕವು. ಅವನ್ನು ತಯಾರಿಸುವುದು ಪಾಚಿ. ತಯಾರಿಸಿ, ಅದರ ತುದಿಗೆ ಒಂದು ವಿಳಾಸದ ಚೀಟಿ ಅಂಟಿಸಿದ ಹಾಗೆ ಅಮೈನೋ ಆಮ್ಲಗಳ ಒಂದು ಸಾಲು ಸೇರಿಸಿ, ಒಳಗೆ ಕಳಿಸುತ್ತದೆ. ಹೊರಗಿನಿಂದ ಸಾಮಾನು ಬರದಿದ್ದರೆ ಅದು ಬದುಕುವುದಿಲ್ಲ. ಅದರ ಡಿಎನ್‌ಎಯೂ ಕುಗ್ಗಿಹೋಗಿದೆ. ಬಿಸಿಲಿನಿಂದ ಸಕ್ಕರೆ ಮಾಡುವ ಜಾತಿಯಲ್ಲಿ ಹುಟ್ಟಿದರೂ ಆ ಕೆಲಸಕ್ಕೆ ಬೇಕಾದ ಜೀನ್‌ಗಳನ್ನೇ ಕಳೆದುಕೊಂಡಿದೆ ಅಂತ 2010ರಲ್ಲೇ ಗೊತ್ತಾಗಿತ್ತು.

ನಮ್ಮ ಮೈಯ ಕೋಶಗಳಲ್ಲಿರುವ ಮೈಟೊಕಾಂಡ್ರಿಯಾ, ಎಲೆಗಳಲ್ಲಿರುವ ಕ್ಲೋರೋಪ್ಲಾಸ್ಟ್ ಎರಡೂ ಹಿಂದೆ ಬ್ಯಾಕ್ಟೀರಿಯಾಗಳೇ. ನೂರು ಕೋಟಿ ವರ್ಷಕ್ಕೂ ಹಿಂದೆ ಒಳಗೆ ಸೇರಿ ಅಂಗವಾದವು. ಅವು ಹೇಗೆ ಆದವು ಅಂತ ನೋಡಲು ಯಾರೂ ಇರಲಿಲ್ಲ. ನೈಟ್ರೋಪ್ಲಾಸ್ಟ್ ಸುಮಾರು 10 ಕೋಟಿ ವರ್ಷದ್ದು. ಡೈನೋಸಾರ್‌ಗಳ ಕಾಲದ್ದಾದರೂ ಈ ಲೆಕ್ಕದಲ್ಲಿ ಎಳೆ ಕೂಸು. ಅದಕ್ಕೇ ಅದನ್ನು ನೋಡಿದರೆ ಆ ಹಳೆಯ ಮದುವೆಗಳು ಹೇಗೆ ನಡೆದಿರಬಹುದು ಅಂತ ಊಹಿಸಬಹುದು.

ಅಕ್ಕಡಿಸಾಲು ಅವರೇ, ಯೂರಿಯಾ ವಿಷಯ. ನಿಮಗೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಸಮುದ್ರದ ಪಾಚಿಯಲ್ಲಿ 10 ಕೋಟಿ ವರ್ಷದಲ್ಲಿ ನಡೆದದ್ದನ್ನು ರಾಗಿ ಗಿಡದಲ್ಲಿ ಮಾಡುವುದು ಬಹಳ ದೂರದ ಮಾತು. ಆದರೆ ಇಷ್ಟು ದಿನ, ಗಿಡದಂಥ ಜೀವಿಯ ಕೋಶದ ಸ್ವಂತ ಅಂಗದಲ್ಲೇ ಈ ಕೆಲಸ ನಡೆಯಬಲ್ಲದಾ ಅಂತ ಕೇಳಿದರೆ ತೋರಿಸಲು ಒಂದು ಉದಾಹರಣೆಯೂ ಇರಲಿಲ್ಲ. ಈಗ ಇದೆ. ಆ ವಿಳಾಸದ ಚೀಟಿ ಕೆಲಸ ಮಾಡುವ ಬಗೆ ಪೂರ್ತಿ ಅರ್ಥವಾದರೆ ಮುಂದಿನವರಿಗೆ ಒಂದು ದಾರಿ ಸಿಗುತ್ತದೆ.

ಪುರಾವೆ ಬೇಕು

ಒಪ್ಪಿದೆ. ಆ ಎರಡನೆಯ ಆಧಾರ ನನಗೂ ಗಟ್ಟಿ ಅನಿಸಿತು. ನಾನು ಹೀಗೆ ಕೆದಕಿ ಕೇಳಲು ಕಾರಣ ಇದೆ. 2025ರ ಏಪ್ರಿಲ್‌ನಲ್ಲಿ ಬಂದ ಕೆ2-18ಬಿ ಸುದ್ದಿ ನೆನಪಿದೆಯಾ? ಸಿಂಹ ರಾಶಿಯ ಕಡೆ, 124 ಜ್ಯೋತಿರ್ವರ್ಷ ದೂರದ ಗ್ರಹ. ಭೂಮಿಯ ಎರಡೂವರೆ ಪಟ್ಟಿಗಿಂತ ಸ್ವಲ್ಪ ಅಗಲ. ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕ ಹಿಡಿದ ಬೆಳಕನ್ನು ಅಳೆದು, ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರಂಥದ್ದೇ ಇನ್ನೊಂದು ಅನಿಲದ ಸುಳಿವು ಇದೆ ಅಂತ ಹೇಳಿತು. ಭೂಮಿಯಲ್ಲಿ ಆ ಅನಿಲ ಮುಖ್ಯವಾಗಿ ಸಮುದ್ರದ ಪಾಚಿಗಳಂಥ ಜೀವಿಗಳಿಂದ ಬರುತ್ತದೆ. ಮಾರನೆಯ ದಿನ ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ "ಬೇರೆ ಗ್ರಹದಲ್ಲಿ ಜೀವಿ ಸಿಕ್ಕಿತು" ಅಂತಲೇ ಬಂದಿತ್ತು.

ತಂಡ ಹಾಗೆ ಹೇಳಿರಲಿಲ್ಲ. ಅವರು ಹೇಳಿದ್ದು ಮೂರು ಸಿಗ್ಮಾ ಅಂತ. ಅಂದರೆ ಅಂಥ ಗುರುತು ಬರೀ ಆಕಸ್ಮಿಕವಾಗಿ ಮೂಡುವ ಸಾಧ್ಯತೆ ಸಾವಿರಕ್ಕೆ ಮೂರು. ಕೇಳಿದರೆ ತುಂಬ ಕಮ್ಮಿ ಅನಿಸುತ್ತದೆ. ಆದರೆ ಭೌತವಿಜ್ಞಾನದಲ್ಲಿ ಒಂದನ್ನು "ಕಂಡುಹಿಡಿದೆವು" ಅನ್ನಲು ಐದು ಸಿಗ್ಮಾ ಕೇಳುತ್ತಾರೆ. 2012ರಲ್ಲಿ ಹಿಗ್ಸ್ ಬೋಸಾನ್ ಅನ್ನುವ ಕಣ ಸಿಕ್ಕಿತು ಅಂತ ಘೋಷಿಸಿದ್ದು ಆ ಮಟ್ಟ ಮುಟ್ಟಿದ ಮೇಲೆಯೇ. ಆಮೇಲೆ ಬೇರೆ ತಂಡಗಳು ಅದೇ ಮಾಹಿತಿಯನ್ನು ಬೇರೆ ಬಗೆಯಲ್ಲಿ ಲೆಕ್ಕ ಹಾಕಿದಾಗ ಆ ಅನಿಲದ ಗುರುತು ಗಟ್ಟಿಯಾಗಿ ನಿಲ್ಲಲಿಲ್ಲ. ಅದೂ ಅಲ್ಲದೆ 67ಪಿ ಅನ್ನುವ ಧೂಮಕೇತುವಿನಲ್ಲಿಯೂ ಡೈಮೀಥೈಲ್ ಸಲ್ಫೈಡ್ ಇದೆ ಅಂತ 2024ರಲ್ಲೇ ತಿಳಿದಿತ್ತು. ಧೂಮಕೇತುವಿನಲ್ಲಿ ಪಾಚಿ ಇಲ್ಲ. ಹಾಗಾಗಿ ಅನಿಲ ಸಿಕ್ಕರೂ ಜೀವ ಇದೆ ಅಂತ ಆಗುವುದಿಲ್ಲ.

ನಾನು ಆ ತಂಡವನ್ನು ದೂರುತ್ತಿಲ್ಲ. 124 ಜ್ಯೋತಿರ್ವರ್ಷ ದೂರದ ಗ್ರಹದ ಗಾಳಿಯಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಕಂಡದ್ದೇ ದೊಡ್ಡ ವಿಷಯ. ಜನಕ್ಕೆ ಅದು ತಲುಪಲೇ ಇಲ್ಲ ಅನ್ನುವುದು ನನ್ನ ಬೇಸರ.

ಕಾರ್ಕಳದ ಮಳೆ

ನನ್ನದು ಪಕ್ಕದೂರಿನ ಸುದ್ದಿ. 2023ರ ಜೂನ್‌ನಲ್ಲಿ ಕುದುರೆಮುಖದ ತಪ್ಪಲಿನ ಮಾಳದಲ್ಲಿ ಕಪ್ಪೆ ನೋಡಲು ಹೋದ ಪ್ರಕೃತಿ ಆಸಕ್ತರಿಗೆ, ರಸ್ತೆ ಬದಿಯ ಮಳೆನೀರಿನ ಹೊಂಡದಲ್ಲಿ ಒಂದು ಚಿನ್ನದ ಬೆನ್ನಿನ ಕಪ್ಪೆ ಕಂಡಿತು. ಹೆಬ್ಬೆರಳಿನಷ್ಟು ದೊಡ್ಡದು. ಅದರ ಪಕ್ಕೆಯಲ್ಲಿ ಒಂದು ಪುಟ್ಟ ಅಣಬೆ ಮೊಳೆತು ನಿಂತಿತ್ತು! ಕಪ್ಪೆ ಜೀವಂತವಾಗಿಯೇ ಇತ್ತು, ಓಡಾಡುತ್ತಿತ್ತು. 2024ರ ಆರಂಭದಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅದರ ಚಿಕ್ಕ ಟಿಪ್ಪಣಿ ಬಂದು ಜಗತ್ತೆಲ್ಲ ಸುದ್ದಿಯಾಯಿತು. ಜೀವಂತ ಕಪ್ಪೆಯ ಮೈಮೇಲೆ ಅಣಬೆ ಬೆಳೆದದ್ದನ್ನು ಅದಕ್ಕೂ ಮುಂಚೆ ಯಾರೂ ದಾಖಲು ಮಾಡಿರಲಿಲ್ಲ.

ಫೋಟೋ ನೋಡಿದ ತಜ್ಞರು ಅದು ಮೈಸೀನಾ ಗುಂಪಿನ ಅಣಬೆ ಅಂದರು. ಅವು ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಬರುವಂಥವು. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲೆಲ್ಲೂ ಕಾಣುತ್ತವೆ. ಕಪ್ಪೆಯ ಚರ್ಮದಲ್ಲಿ ಅದಕ್ಕೆ ಆಹಾರ ಸಿಕ್ಕಿತಾ, ಅಥವಾ ಚರ್ಮಕ್ಕೆ ಅಂಟಿದ್ದ ಮರದ ಚೂರಿನ ಮೇಲೆ ಬೆಳೆಯಿತಾ, ಹೇಳಲು ಬರುವುದಿಲ್ಲ. ಯಾಕೆಂದರೆ ಆ ಕಪ್ಪೆಯನ್ನು ಹಿಡಿದು ತರಲಿಲ್ಲ. ಅದು ತನ್ನ ಹೊಂಡದಲ್ಲೇ ಉಳಿಯಿತು.

ಹಿಡಿಯಬೇಕಿತ್ತು ಅಂತ ಆಗ ಎಷ್ಟೋ ಜನ ಬರೆದರು. ನನಗೆ ಹಾಗೆ ಅನಿಸುವುದಿಲ್ಲ. ಪುರಾವೆ ಬೇಕು ಅವರೇ, ನೀವು ಬೈಯಬಹುದು, ಆದರೂ ಹೇಳುತ್ತೇನೆ. ಕಂಡದ್ದನ್ನು ಕಂಡ ಹಾಗೆ ಬರೆದರು, ಕಾರಣ ಗೊತ್ತಿಲ್ಲ ಅಂತಲೂ ಬರೆದರು. ಅಷ್ಟೂ ಸಾಕು ಅನ್ನುವ ಕೆಲಸಗಳೂ ವಿಜ್ಞಾನದಲ್ಲಿ ಇವೆ.

ಪುರಾವೆ ಬೇಕು

ಯಾಕೆ ಬೈಯಲಿ? "ಇದು ಕಂಡಿತು, ಯಾಕೆ ಅಂತ ತಿಳಿಯದು" ಅನ್ನುವುದು ಪ್ರಾಮಾಣಿಕ ಮಾತು. ನನಗೆ ಇರುವ ಒಂದೇ ಆತಂಕ ಕೈಟ್ರಿಡ್ ಶಿಲೀಂಧ್ರದ್ದು. ಅದು ಅಣಬೆ ಬಿಡುವ ಜಾತಿ ಅಲ್ಲ, ಬೇರೆಯದೇ. ಜಗತ್ತಿನಲ್ಲಿ 500ಕ್ಕೂ ಹೆಚ್ಚು ಜಾತಿಯ ಕಪ್ಪೆ ಮತ್ತು ಅವುಗಳ ಬಂಧುಗಳ ಸಂಖ್ಯೆ ಅದರಿಂದ ಕುಸಿದಿದೆ, 90 ಜಾತಿಗಳು ಅಳಿದಿವೆ ಅಂತ 2019ರ ಅಧ್ಯಯನ ಒಂದು ಹೇಳಿತ್ತು. ಹಾಗಾಗಿ ಕಪ್ಪೆಯ ಚರ್ಮದಲ್ಲಿ ಯಾವ ಶಿಲೀಂಧ್ರ ಕಂಡರೂ ಗಮನ ಇಡಬೇಕು. ಮಾಳದಲ್ಲಿ ಮತ್ತೆ ಅಂಥದ್ದು ಕಂಡರೆ ದಯವಿಟ್ಟು ಇಲ್ಲಿ ಬರೆಯಿರಿ.

ತಿಂಗಳಬೆಳಕು

ಚಂದ್ರಯಾನ ಅಂತ ಹೇಳುವವರಲ್ಲಿ ನಾನೂ ಒಬ್ಬಳು. 2023ರ ಆಗಸ್ಟ್ 23ರ ಸಂಜೆ ಎಲ್ಲರೂ ನೋಡಿದರು, ಚಪ್ಪಾಳೆ ಹೊಡೆದರು. ಆದರೆ ಆಮೇಲೆ ಬಂದ ಫಲಿತಾಂಶಗಳನ್ನು ಓದಿದವರು ಕಮ್ಮಿ. ವಿಕ್ರಮ್ ಲ್ಯಾಂಡರ್‌ನಲ್ಲಿ ಚಾಸ್ಟೆ ಅನ್ನುವ ಉಪಕರಣ ಇತ್ತು. 10 ಸೆಂಟಿಮೀಟರ್ ಆಳಕ್ಕೆ ಇಳಿಯಬಲ್ಲ ಕಡ್ಡಿಯಲ್ಲಿ 10 ಥರ್ಮಾಮೀಟರ್‌ಗಳು. ಅದನ್ನು ಚಂದ್ರನ ಮಣ್ಣಿಗೆ ಚುಚ್ಚಿದರು. ಮೇಲ್ಮೈಯಲ್ಲಿ ಬೆಂಕಿಯಂಥ ಬಿಸಿ, ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಮ್ಮಿ! ಒಂದು ಗೇಣು ಆಳಕ್ಕೂ ಹೋಗಿಲ್ಲ ನೋಡಿ.

2025ರ ಪ್ರಬಂಧದಲ್ಲಿ ಇನ್ನೂ ಸೂಕ್ಷ್ಮವಾದ ವಿಷಯ ಬಂತು. ಕಡ್ಡಿ ಚುಚ್ಚಿದ ಜಾಗ ಸೂರ್ಯನ ಕಡೆಗೆ ಆರು ಡಿಗ್ರಿ ಇಳಿಜಾರಾಗಿತ್ತು. ಅಲ್ಲಿ ಮೇಲ್ಮೈ 82 ಡಿಗ್ರಿ. ಒಂದು ಮೀಟರ್ ಆಚೆ, ಸಮತಟ್ಟಾದ ಜಾಗದಲ್ಲಿ ಸುಮಾರು 59 ಡಿಗ್ರಿ. ನಮ್ಮಲ್ಲಿ ಗಾಳಿ ಇದೆ, ಬಿಸಿಯನ್ನು ಹಂಚಿಬಿಡುತ್ತದೆ. ಅಲ್ಲಿ ಹಂಚುವವರು ಯಾರೂ ಇಲ್ಲ, ಬಿಸಿಲಿಗೆ ಮುಖ ಮಾಡಿದ್ದು ಕಾಯುತ್ತದೆ, ಅಷ್ಟೇ. ಇದೇ ಲೆಕ್ಕ ಮುಂದುವರಿಸಿದರೆ, ಸೂರ್ಯನಿಗೆ ಬೆನ್ನು ಹಾಕಿ ಧ್ರುವದ ಕಡೆ ಮುಖ ಮಾಡಿದ 14 ಡಿಗ್ರಿಗಿಂತ ಕಡಿದಾದ ಇಳಿಜಾರುಗಳಲ್ಲಿ, ಮೇಲ್ಮೈಗೆ ಹತ್ತಿರದಲ್ಲೇ ನೀರಿನ ಮಂಜುಗಡ್ಡೆ ಉಳಿಯುವಷ್ಟು ತಂಪು ಇರಬಹುದು ಅಂತ ಹೇಳಿದರು.

ನಿಮ್ಮ ಸಾರಜನಕದ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಅನ್ನುವ ಕ್ಷುದ್ರಗ್ರಹದಿಂದ 121.6 ಗ್ರಾಂ ಮಣ್ಣು ತಂದಿತು. 2023ರ ಸೆಪ್ಟೆಂಬರ್ 24ರಂದು ಯೂಟಾ ಮರುಭೂಮಿಯಲ್ಲಿ ಆ ಡಬ್ಬಿ ಇಳಿಯಿತು. 2025ರ ಜನವರಿಯಲ್ಲಿ ಫಲಿತಾಂಶ ಬಂತು. ನಮ್ಮ ಪ್ರೋಟೀನ್‌ಗಳಿಗೆ ಬೇಕಾದ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್‌ಎ, ಆರ್‌ಎನ್‌ಎಗಳ ಐದೂ ಅಕ್ಷರಗಳು, ಉಪ್ಪುನೀರು ಆರಿ ಉಳಿದ ಲವಣಗಳು, ಜೊತೆಗೆ ತುಂಬ ಅಮೋನಿಯಾ. ಹಿಡಿಯಲು ಅಷ್ಟು ಕಷ್ಟವಾದ ಸಾರಜನಕ ಅಲ್ಲಿ ಆಗಲೇ ಬಿಡಿಯಾಗಿ, ಬಳಸಲು ಬರುವ ರೂಪದಲ್ಲಿ ಇತ್ತು ಅಂತಾಯಿತು. ಮೇಷ್ಟ್ರೇ, ಜೀವ ಶುರುವಾಗಲು ಇದು ಸಹಾಯ ಮಾಡಿರಬಹುದಾ?

ರಸಾಯನ ಮೇಷ್ಟ್ರು

ಮಾಡಿರಬಹುದು ತಾಯಿ. ಇಟ್ಟಿಗೆ, ಸುಣ್ಣ, ಮರಳು ಎಲ್ಲ ಇತ್ತು ಅಂತ ತೋರಿಸಿದ್ದಾರೆ. ಮನೆ ಕಟ್ಟಿದವರು ಯಾರು, ಹೇಗೆ ಅನ್ನುವುದು ಬೇರೆ ಪ್ರಶ್ನೆ. ಬೆನ್ನುವಿನಲ್ಲಿ ಒಂದು ಅಚ್ಚರಿಯೂ ಇತ್ತು. ಅಮೈನೋ ಆಮ್ಲಗಳಿಗೆ ಎಡಗೈ, ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪ ಇರುತ್ತವೆ. ಭೂಮಿಯ ಜೀವಿಗಳು ತಮ್ಮ ಪ್ರೋಟೀನ್‌ಗಳಿಗೆ ಎಡಗೈ ರೂಪದವನ್ನೇ ಬಳಸುತ್ತವೆ. ಆಕಾಶದಿಂದ ಬಂದ ಸಾಮಾನೇ ಎಡಕ್ಕೆ ವಾಲಿತ್ತು, ಅದಕ್ಕೇ ನಾವೂ ಎಡ ಅಂತ ಕೆಲವರು ನಂಬಿದ್ದರು. ಬೆನ್ನುವಿನ ಮಣ್ಣಿನಲ್ಲಿ ಎಡ, ಬಲ ಎರಡೂ ಹೆಚ್ಚು ಕಮ್ಮಿ ಸಮ ಸಮ ಇದ್ದವು. ಆ ನಂಬಿಕೆಗೆ ಪೆಟ್ಟು ಬಿತ್ತು. ತಮ್ಮ ನೆಚ್ಚಿನ ವಿಚಾರಕ್ಕೇ ಪೆಟ್ಟು ಕೊಡುವ ಫಲಿತಾಂಶವನ್ನು ಮುಚ್ಚಿಡದೆ ಬರೆದರಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಕಡಲಮಿಂಚು

ಅಕ್ಕಡಿಸಾಲು ಅವರಿಗೆ ಖುಷಿ ಆಗುವ ಒಂದು ವಿಷಯ ಮರೆತಿದ್ದೆ. 2024ರಲ್ಲೇ, ಪಾಚಿಯ ಸುದ್ದಿ ಬಂದ ಒಂದೇ ತಿಂಗಳಿಗೆ, 'ನೇಚರ್' ಪತ್ರಿಕೆಯಲ್ಲಿ ಜರ್ಮನಿಯ ಬ್ರೆಮೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರ ಪ್ರಬಂಧ ಬಂತು. ಅಟ್ಲಾಂಟಿಕ್ ಸಾಗರದ ಡಯಾಟಂ ಅನ್ನುವ ಒಂದೇ ಕೋಶದ ಪಾಚಿಯ ಒಂದು ಬಗೆಯ ಒಳಗೆ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಸಿಕ್ಕಿತು. ಯಾರ ವಂಶ ಗೊತ್ತಾ? ರೈಜೋಬಿಯಂ ವಂಶ! ನಿಮ್ಮ ಅಲಸಂದೆ ಬೇರಿನ ಆಳಿನ ಹತ್ತಿರದ ನೆಂಟ ನಡುಸಮುದ್ರದಲ್ಲಿ ಅದೇ ಕೂಲಿ ಮಾಡುತ್ತಿದ್ದಾನೆ.

ಅಕ್ಕಡಿಸಾಲು

ಎರಡು ದಿನ ಈ ಕಡೆ ಬರಲಾಗಲಿಲ್ಲ, ಹೊಲದಲ್ಲಿ ಕೆಲಸ ಇತ್ತು. ಇವತ್ತು ಬೆಳಗ್ಗೆ ಮಗಳನ್ನು ಕರೆದುಕೊಂಡು ಹೋಗಿ ಎರಡು ಅಲಸಂದೆ ಗಿಡ ಅಗೆದೆ. ಒಂದು ರಾಗಿ ಸಾಲಿನ ಮಧ್ಯದ್ದು. ಇನ್ನೊಂದು, ಹೋದ ತಿಂಗಳು ಯೂರಿಯಾ ಮೂಟೆ ಇಳಿಸಿದಾಗ ಹರಿದು ಚೆಲ್ಲಿದ ಜಾಗದ್ದು. ಬೇರು ತೊಳೆದು ಸೀಳಿದೆವು.

ಸಾಲಿನ ಮಧ್ಯದ ಗಿಡದಲ್ಲಿ ಗಂಟು ಜಾಸ್ತಿ. ಒಳಗೆ ಮೇಷ್ಟ್ರು ಹೇಳಿದ್ದಕ್ಕಿಂತ ಗಾಢ ಬಣ್ಣ, ಹೆಚ್ಚು ಕಮ್ಮಿ ರಕ್ತದ ಹಾಗೆ. ಬೆರಳಿಗೂ ಅಂಟಿತು. ಮಗಳು ಅದನ್ನು ಬಿಳಿ ಹಾಳೆಗೆ ಒತ್ತಿ ಇಟ್ಟುಕೊಂಡಿದ್ದಾಳೆ. ಯೂರಿಯಾ ಚೆಲ್ಲಿದ ಜಾಗದ ಗಿಡ ಎಲೆ ಕಪ್ಪು ಹಸಿರಾಗಿ ಸೊಂಪಾಗಿತ್ತು. ಬೇರಿನಲ್ಲಿ ನಾಲ್ಕೇ ಗಂಟು. ಸೀಳಿದರೆ ಮೂರು ಬಿಳಿ, ಒಂದಕ್ಕೆ ಮಾತ್ರ ತುಸು ಗುಲಾಬಿ. ಇಷ್ಟು ವರ್ಷ ಬೆಳೆದಿದ್ದೇನೆ, ಒಮ್ಮೆಯೂ ಸೀಳಿ ನೋಡಿರಲಿಲ್ಲ.

ಮೇಷ್ಟ್ರೇ, ಗೊಬ್ಬರ ಸುಲಭವಾಗಿ ಸಿಕ್ಕಿತು ಅಂತ ಗಿಡ ಆಳುಗಳನ್ನು ಕರೆಯಲೇ ಇಲ್ಲವಾ?

ರಸಾಯನ ಮೇಷ್ಟ್ರು

ಹೌದು, ಅದೇ! ಮಣ್ಣಿನಲ್ಲಿ ಸಾರಜನಕ ಸಾಕಷ್ಟು ಇದ್ದರೆ ಗಿಡ ಗಂಟು ಕಟ್ಟುವುದನ್ನು ತಾನೇ ತಡೆಯುತ್ತದೆ. ಆಳಿಗೆ ಸಕ್ಕರೆ ಕೊಡುವ ಖರ್ಚು ಅದಕ್ಕೂ ಇದೆಯಲ್ಲ. ಎರಡೇ ಗಿಡ ನೋಡಿದ್ದೀರಿ, ಪುರಾವೆ ಬೇಕು ಅವರು ಒಪ್ಪಲಿಕ್ಕಿಲ್ಲ. ಎರಡೂ ಜಾಗದಿಂದ ಇನ್ನೂ ಐದೈದು ಗಿಡ ಅಗೆದು ಗಂಟು ಎಣಿಸಿ. ಮಗಳ ಕೈಯಲ್ಲೇ ಎಣಿಸಿ, ಬರೆಸಿ. ಆ ಹಾಳೆಯ ಫೋಟೋ ಇಲ್ಲಿ ಹಾಕಿ, ನಮ್ಮ ಶಾಲೆಯ ಮಕ್ಕಳಿಗೆ ತೋರಿಸಬೇಕು.

ಅಕ್ಕಡಿಸಾಲು

ಭಾನುವಾರ ಅಗೆಯುತ್ತೇವೆ. ಮಗಳು ಆಗಲೇ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕೂತಿದ್ದಾಳೆ.